ಮೊದಲ 30 ಎಂಎಲ್ ರಕ್ತದ ವಿಷಯ: ವಿಜಯಪುರ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಸನ್ಮಾನ್ಯ ಸಾಹೇಬರೇ,

ಡೈವರ್ಷನ್ ಪೌಚ್, ಅಂದರೆ ಮೊದಲು ಬರುವ ರಕ್ತವನ್ನು ಬೇರೆಯಾಗಿ ಹಿಡಿಯುವ ಪುಟ್ಟ ಚೀಲ, ಇರುವ ಬ್ಲಡ್ ಬ್ಯಾಗ್ ಕೊಡಿಸಿ ಎಂದು ವರ್ಷಗಳಿಂದ ಅರ್ಜಿ ಕೊಡುತ್ತಲೇ ಇದ್ದೇವೆ. ಉತ್ತರ ಒಂದೇ: ‘ಪರಿಶೀಲನೆಯಲ್ಲಿದೆ.’ ಅದಕ್ಕೇ ಈ ಸಲ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇವೆ.

ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ನಿಯಮ ನಿಮಗೆ ಗೊತ್ತೇ ಇದೆ. ಐದರಲ್ಲೂ ಪಾಸಾದ ಬ್ಯಾಗಿನಲ್ಲೂ ಬ್ಯಾಕ್ಟೀರಿಯಾ ಇರಬಹುದು. ಅದು ಹೆಚ್ಚಾಗಿ ಬರುವುದು ದಾನಿಯ ತೋಳಿನ ಚರ್ಮದಿಂದಲೇ. ಸ್ಪಿರಿಟ್, ಅಯೋಡಿನ್ ಮೇಲ್ಪದರವನ್ನು ಸ್ವಚ್ಛ ಮಾಡುತ್ತವೆ, ರೋಮದ ಬುಡದಲ್ಲಿ ಅಡಗಿದ್ದು ಉಳಿಯುತ್ತದೆ. ದಪ್ಪ ಸೂಜಿ ಇಳಿಯುವಾಗ ಚರ್ಮದ ಚೂರೊಂದನ್ನು ಕೊಯ್ದು ಮೊದಲ ರಕ್ತದ ಜೊತೆ ಒಳಗೆ ತಳ್ಳುತ್ತದೆ. ಆ ಮೊದಲ 30 ಎಂಎಲ್ ಪೌಚ್‌ಗೆ ಹೋಗಬೇಕು. ಪೋಲೂ ಆಗುವುದಿಲ್ಲ, ಪರೀಕ್ಷೆಯ ಟ್ಯೂಬ್‌ಗಳನ್ನು ಅದರಿಂದಲೇ ತುಂಬುತ್ತೇವೆ.

ಕೆಂಪು ಕಣಗಳನ್ನು 2ರಿಂದ 6 ಡಿಗ್ರಿಯಲ್ಲಿ ಇಡುತ್ತೇವೆ. ಯೆರ್ಸಿನಿಯಾದಂಥ ಕೆಲವನ್ನು ಬಿಟ್ಟರೆ ಆ ತಂಪಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಪ್ಲೇಟ್‌ಲೆಟ್ ಫ್ರಿಜ್‌ಗೆ ಹೋಗುವಂತಿಲ್ಲ. 20ರಿಂದ 24 ಡಿಗ್ರಿ, ಐದು ದಿನ, ಬಿಡದೆ ತೂಗುತ್ತಿರಬೇಕು. ರೋಗಾಣುವಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಎಲ್ಲಿ ಸಿಕ್ಕೀತು?

ಹೋದ ಬೇಸಿಗೆಯ ಶಿಬಿರವೊಂದರ ಕಥೆ ಕೇಳಿ. ಹಚ್ಚಿದ ಅಯೋಡಿನ್ ಒಣಗಲು ಅರ್ಧ ನಿಮಿಷವೂ ಬಿಡಲಿಲ್ಲ. ನರ ಸಿಗಲಿಲ್ಲವೆಂದು ಬರಿಬೆರಳಿನಿಂದ ಮತ್ತೆ ಒತ್ತಿ ನೋಡಿ, ಅಲ್ಲೇ ಚುಚ್ಚಿದರು. ತುಂಬಿದ ಬ್ಯಾಗುಗಳು ಭಾಷಣ ಮುಗಿಯುವ ತನಕ ಪೆಂಡಾಲ್‌ನ ಕಾವಿನಲ್ಲೇ ಬಿದ್ದಿದ್ದವು. ಗಣ್ಯರಿಗೆ ಮಾತ್ರ ಕೂಲರ್ ಇತ್ತು ಬಿಡಿ. ಪೌಚ್ ಇದ್ದಿದ್ದರೆ ಆ ಬೆರಳಿನ ಕೊಳೆಯಲ್ಲಿ ಒಂದಿಷ್ಟಾದರೂ ಆಚೆ ಹೋಗುತ್ತಿತ್ತು. ಪೌಚ್ ಕೊಡಿಸಿ.

ರಕ್ತ ಏರಿಸುವಾಗ ಚಳಿ, ನಡುಕ, ಜ್ವರ ಬಂದರೆ, ಬಿಪಿ ಇಳಿದರೆ, ಕೂಡಲೇ ನಿಲ್ಲಿಸಬೇಕು. ಸಲೈನ್ ಹಚ್ಚಿ ನರ ಉಳಿಸಿಕೊಂಡು, ಬ್ಯಾಗನ್ನು ಅದರ ನಳಿಕೆಯ ಸೆಟ್ ಸಮೇತ ರಕ್ತನಿಧಿಗೆ ವಾಪಸ್ ಕಳಿಸಬೇಕು. ಬ್ಯಾಗಿನ ರಕ್ತದ್ದೂ ರೋಗಿಯ ರಕ್ತದ್ದೂ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಆಗಬೇಕು. ಆದರೆ ಆಗುವುದೇನು? ಒಂದು ಪ್ಯಾರಾಸಿಟಮಾಲ್, ಬ್ಯಾಗು ಆಸ್ಪತ್ರೆ ಕಸದ ಹಳದಿ ಡಬ್ಬಿಗೆ. ರಕ್ತ ಏರಿಸಿದಾಗ ಆಗುವ ತೊಂದರೆಗಳನ್ನು ವರದಿ ಮಾಡುವ ಹಿಮೋವಿಜಿಲೆನ್ಸ್ ಕಾರ್ಯಕ್ರಮ 2012ರಿಂದ ಇದೆ. ಬ್ಯಾಗೇ ಕೈಗೆ ಸಿಗದಿದ್ದರೆ ನಾವು ಏನಂತ ವರದಿ ಬರೆಯೋಣ?

ಮುಂದಿನ ಬ್ಲಡ್ ಬ್ಯಾಗ್ ಟೆಂಡರಿನಲ್ಲಿ ‘ಡೈವರ್ಷನ್ ಪೌಚ್ ಸಹಿತ’ ಎಂದು ಸೇರಿಸಿ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಡೆಂಗ್ಯೂ ಮಕ್ಕಳು ಪ್ಲೇಟ್‌ಲೆಟ್‌ಗೆಂದು ಬರುವ ಮಳೆಗಾಲಕ್ಕೆ ಮೊದಲೇ ಆ ಬ್ಯಾಗು ನಮ್ಮ ಕೈಸೇರಲಿ. ಪೌಚ್ ಕೊಡಿಸಿ, ಸಾಹೇಬರೇ.

ಇಂತಿ,
ಜಿಲ್ಲೆಯ ರಕ್ತನಿಧಿ ತಂತ್ರಜ್ಞರು