ಜ್ವರದ ಮೊದಲ ಮೂರು ದಿನಕ್ಕೆ ಸಂಬಳ ಕಡಿಯಬೇಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದುಕೊಂಡಿತೆಂದರೆ ಊರೂರಿನ ಕ್ಲಿನಿಕ್ಕುಗಳ ಮುಂದೆ ಕೆಮ್ಮುವವರ ಸಾಲು ಬೆಳೆಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಮತ್ತೊಮ್ಮೆ ಅದೇ ಸಾಲು. ಇನ್‌ಫ್ಲುಯೆಂಜಾ, ಅಂದರೆ ಫ್ಲೂ ಜ್ವರ, ನಮ್ಮ ದೇಶದಲ್ಲಿ ವರ್ಷಕ್ಕೆ ಹೀಗೆ ಎರಡು ಸಲ ತಲೆಯೆತ್ತುತ್ತದೆಂಬುದು ಹೊಸ ಸಂಗತಿಯೇನಲ್ಲ. 2023ರ ಮಾರ್ಚ್‌ನಲ್ಲಿ ಎಚ್‌3ಎನ್‌2 ಎಂಬ ಫ್ಲೂ ತಳಿ ಹಾವಳಿಯಿಟ್ಟಾಗ ದೇಶದ ಮೊದಲ ಸಾವುಗಳಲ್ಲಿ ಒಂದು ವರದಿಯಾದದ್ದು ನಮ್ಮ ಹಾಸನ ಜಿಲ್ಲೆಯಿಂದಲೇ. ಆಗ ಕೆಲವು ವಾರ ಮಾಸ್ಕ್‌ಗಳು ಮುಖಕ್ಕೇರಿದವು, ಸಲಹಾಪತ್ರಗಳು ಹೊರಟವು, ಬೇಸಿಗೆ ಬಲಿಯುವ ಹೊತ್ತಿಗೆ ಎಲ್ಲರೂ ಮರೆತರು.

ಆ ಸಲಹಾಪತ್ರಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೈ ತೊಳೆಯಿರಿ, ಬಾಯಿ ಮುಚ್ಚಿ ಕೆಮ್ಮಿರಿ, ಬಿಸಿನೀರು ಕುಡಿಯಿರಿ ಎಂಬ ಮಾತುಗಳೆಲ್ಲ ಒಬ್ಬೊಬ್ಬರನ್ನು ಉದ್ದೇಶಿಸಿ ಹೇಳುವಂಥವು. ಫ್ಲೂ ತಡೆಯುವುದಕ್ಕೆ ಬಹಳ ಮುಖ್ಯವಾದ ಒಂದು ಕ್ರಮ, ಅಂದರೆ ಜ್ವರ ಬಂದವರು ಮನೆಯಲ್ಲೇ ಉಳಿಯುವುದು, ದುಡಿಯುವ ಬಹುಪಾಲು ಜನರ ಕೈಯಲ್ಲಿಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಹಾಜರಿ ಮತ್ತು ಸಂಬಳದ ಲೆಕ್ಕ ನೋಡಿಕೊಳ್ಳುವ ನಾನು ಇದನ್ನು ಪ್ರತಿ ಮಳೆಗಾಲದಲ್ಲೂ ಕಣ್ಣಾರೆ ನೋಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನೆಗಡಿ ಮೆಲ್ಲಗೆ ಬರುತ್ತದೆ, ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿದ್ದವರಿಗೆ ಸಂಜೆಯೊಳಗೆ ಚಳಿ ಹತ್ತಿ, ಮೈಕೈ ನುಗ್ಗಾಗಿ, ತಲೆ ಎತ್ತಲಾಗದಂತಾಗುತ್ತದೆ. ಲಕ್ಷಣಗಳು ಕಾಣಿಸುವುದಕ್ಕೆ ಒಂದು ದಿನ ಮೊದಲೇ ರೋಗಿಯಿಂದ ವೈರಾಣು ಹೊರಬೀಳಲು ಆರಂಭಿಸಿ, ಸಾಮಾನ್ಯವಾಗಿ ಐದರಿಂದ ಏಳು ದಿನ, ಮಕ್ಕಳಲ್ಲಿ ಇನ್ನೂ ಹೆಚ್ಚು ಕಾಲ, ಹೊರಬೀಳುತ್ತಲೇ ಇರುತ್ತದೆ. ಅತಿ ಹೆಚ್ಚು ಹರಡುವುದು ಕಾಯಿಲೆಯ ಮೊದಲ ಮೂರು ದಿನಗಳಲ್ಲಿ. ನಮ್ಮ ಕೆಲಸಗಾರರು ಬಿಡದೆ ಹಾಜರಾಗುವುದೂ ಅದೇ ಮೂರು ದಿನ.

ಕಾರಣ ಸರಳವಾಗಿದೆ. ತಿಂಗಳಲ್ಲಿ ಒಂದು ದಿನವೂ ತಪ್ಪಿಸದವರಿಗೆ ಹಾಜರಿ ಬೋನಸ್ ಕೊಡುವ ಪದ್ಧತಿ ಗಾರ್ಮೆಂಟ್ಸ್‌ನಿಂದ ಹಿಡಿದು ಬಿಡಿಭಾಗ ತಯಾರಿಸುವ ಶೆಡ್‌ಗಳವರೆಗೆ ಬಹಳ ಕಡೆ ಇದೆ. ಒಂದು ದಿನ ಮಲಗಿದರೆ ಆ ದಿನದ ಕೂಲಿಯ ಜೊತೆಗೆ ಇಡೀ ತಿಂಗಳ ಬೋನಸ್ಸೂ ಹೋಗುತ್ತದೆ. ಹೀಗಾಗಿ ಬೆಳಿಗ್ಗೆ ಏಳಕ್ಕೆ ಪ್ಯಾರಾಸಿಟಮಾಲ್ ನುಂಗಿ ಬಸ್ಸು ಹತ್ತುತ್ತಾರೆ. ಶಿಫ್ಟ್ ಶುರುವಾಗುವ ಹೊತ್ತಿಗೆ ಬೆವರು ಬಿಟ್ಟು ಮೈ ತಣ್ಣಗಾಗಿರುತ್ತದೆ, ಗೇಟಿನಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಊಟದ ಹೊತ್ತಿಗೆ ಕಣ್ಣು ಕೆಂಪಾಗಿ ಮತ್ತೆ ಚಳಿ ಹತ್ತುತ್ತದೆ. ಆ ಮಾತ್ರೆ ಜ್ವರ ಇಳಿಸುತ್ತದೆಯೇ ಹೊರತು ವೈರಾಣು ಹರಡುವುದನ್ನು ನಿಲ್ಲಿಸುವುದಿಲ್ಲ. ಅಷ್ಟರೊಳಗೆ ಆತನ ಅಕ್ಕಪಕ್ಕದ ನಾಲ್ಕು ಬೆಂಚಿನವರು ಅದೇ ಗಾಳಿಯನ್ನು ಅರ್ಧ ದಿನ ಉಸಿರಾಡಿರುತ್ತಾರೆ. ಮುಂದಿನ ವಾರ ಉತ್ಪಾದನೆ ಕುಸಿದಾಗ ಯಾರ ಮೇಲೆ ಸಿಟ್ಟು ಮಾಡುವುದು?

ಕಾನೂನು ಕೂಡ ಇಲ್ಲಿ ಕಾರ್ಮಿಕನ ನೆರವಿಗೆ ಪೂರ್ತಿಯಾಗಿ ಬಂದಿಲ್ಲ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಯೋಜನೆಯಲ್ಲಿ ಕಾಯಿಲೆ ಬಿದ್ದವರಿಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70ರಷ್ಟು ಭತ್ಯೆ ಸಿಗುತ್ತದೆ, ನಿಜ. ಆದರೆ 1948ರ ಇಎಸ್‌ಐ ಕಾಯ್ದೆಯು, ಹದಿನೈದು ದಿನಗಳೊಳಗೆ ಮತ್ತೆ ಕಾಯಿಲೆ ಬಿದ್ದ ಸಂದರ್ಭವನ್ನು ಬಿಟ್ಟರೆ, ಅನಾರೋಗ್ಯದ ಮೊದಲ ಎರಡು ದಿನಗಳಿಗೆ ಈ ಭತ್ಯೆ ಇಲ್ಲವೆಂದೇ ಬರೆದಿಟ್ಟಿತು. ಅಂದರೆ ಫ್ಲೂ ಅತಿ ಜೋರಾಗಿ ಹರಡುವ ದಿನಗಳೂ ಭತ್ಯೆಯಿಲ್ಲದ ದಿನಗಳೂ ಹೆಚ್ಚುಕಡಿಮೆ ಒಂದೇ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಅನ್ವಯಿಸುವ 1961ರ ಕರ್ನಾಟಕದ ಕಾಯ್ದೆಯಲ್ಲಿ ಅನಾರೋಗ್ಯ ಮೊದಲಾದ ಕಾರಣಗಳಿಗೆ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆ ಇದೆ. ಎಷ್ಟು ಅಂಗಡಿಗಳ ಹುಡುಗರಿಗೆ ಇದು ಗೊತ್ತಿದೆಯೆಂದು ಚಿಕ್ಕಪೇಟೆಯಲ್ಲೋ ಅವೆನ್ಯೂ ರಸ್ತೆಯಲ್ಲೋ ನಿಂತು ಯಾರಾದರೂ ಕೇಳಿ ನೋಡಬಹುದು.

ರಜೆ ಸಡಿಲ ಮಾಡಿದರೆ ದುರುಪಯೋಗವಾಗುತ್ತದೆಂದು ಮಾಲೀಕರು ಹೇಳುವುದರಲ್ಲಿ ಹುರುಳಿಲ್ಲದಿಲ್ಲ. ಒಬ್ಬಳೇ ಅಜ್ಜಿಯನ್ನು ವರ್ಷಕ್ಕೆ ಎರಡು ಸಲ ಸಾಯಿಸಿ ರಜೆ ಪಡೆದವರ ಅರ್ಜಿಗಳು ನನ್ನ ಮೇಜಿನ ಮೇಲೂ ಬಂದಿವೆ. ಆದರೆ ಅಂಥ ನಾಲ್ಕು ಮಂದಿಯನ್ನು ಹಿಡಿಯುವುದಕ್ಕಾಗಿ ಜ್ವರದ ಮೊದಲ ದಿನವೇ ಎಲ್ಲರಿಂದಲೂ ವೈದ್ಯರ ಸರ್ಟಿಫಿಕೇಟ್ ಕೇಳುವುದು ಅವಿವೇಕ. 102 ಡಿಗ್ರಿ ಜ್ವರದಲ್ಲಿ ಮಲಗಬೇಕಾದವನು ಒಂದು ಚೀಟಿಗಾಗಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಗರ್ಭಿಣಿಯರ, ಹಸುಗೂಸುಗಳ ಪಕ್ಕದಲ್ಲಿ ಎರಡು ಗಂಟೆ ಕೂರುವಂತಾಗುತ್ತದೆ. ಮೊದಲ ಮೂರು ದಿನಕ್ಕೆ ಫೋನಿನಲ್ಲಿ ತಿಳಿಸಿದರೆ ಸಾಕೆನ್ನಿ. ಮಾತ್ರೆಯ ಸಹಾಯವಿಲ್ಲದೆ 24 ಗಂಟೆ ಜ್ವರ ಬಾರದಿದ್ದ ಮೇಲೆ ಕೆಲಸಕ್ಕೆ ಬನ್ನಿ ಎನ್ನಿ.

ಇನ್ನು ಕೆಲಸದ ಜಾಗದ ವಿಚಾರ. ಕೊರೊನಾ ಕಾಲದಲ್ಲಿ ತೆರೆದ ಕಿಟಕಿಗಳು ಎ.ಸಿ. ಬಿಲ್ಲಿನ ನೆಪದಲ್ಲಿ ಮತ್ತೆ ಮುಚ್ಚಿವೆ. ದಿನಕ್ಕೆ ಕೆಲವು ಬಾರಿಯಾದರೂ ಎದುರುಬದುರಿನ ಕಿಟಕಿಗಳನ್ನು ತೆರೆದು ಗಾಳಿಯಾಡಿಸುವುದು, ಎಕ್ಸಾಸ್ಟ್ ಫ್ಯಾನು ತಿರುಗುತ್ತಿದೆಯೇ ಎಂದು ನೋಡುವುದು ಯಾವ ದೊಡ್ಡ ಖರ್ಚಿನ ಬಾಬತ್ತೂ ಅಲ್ಲ. ವೈರಾಣು ಸ್ಟೀಲು, ಪ್ಲಾಸ್ಟಿಕ್ಕಿನಂಥ ಗಟ್ಟಿ ಮೇಲ್ಮೈಗಳಲ್ಲಿ ಒಂದೆರಡು ದಿನ ಬದುಕಿರಬಲ್ಲದು. ಬೆರಳಚ್ಚಿನ ಹಾಜರಿ ಯಂತ್ರ, ಬಾಗಿಲ ಹಿಡಿ, ಕುಡಿಯುವ ನೀರಿನ ಡ್ರಮ್ಮಿಗೆ ಸರಪಳಿ ಹಾಕಿ ಕಟ್ಟಿದ ಆ ಒಂದೇ ಲೋಟ, ವಾಶ್‌ಬೇಸಿನ್ನಿನ ಪಕ್ಕ ತೂಗುವ ಒದ್ದೆ ಟವೆಲ್, ಇವು ದಿನಕ್ಕೆ ನೂರಾರು ಕೈಗಳನ್ನು ಕಾಣುತ್ತವೆ. ಕೈ ತೊಳೆಯಿರಿ ಎಂಬ ಬೋರ್ಡು ನೇತುಹಾಕಿ, ಕೆಳಗಿನ ಬಾಟಲಿಗೆ ನೀರು ಬೆರೆಸಿ ಬೆರೆಸಿ ನೊರೆಯೇ ಬರದಂತೆ ಮಾಡಿಟ್ಟಿರುವ ಕಡೆಗಳೂ ಇವೆ. ಎರಡು ರೂಪಾಯಿ ಉಳಿಸುವ ಆ ಜಾಣತನ ಕಂಡರೆ ನನಗೆ ನಗು ಬರುತ್ತದೆ, ಮರುಕ್ಷಣ ಸಿಟ್ಟೂ ಬರುತ್ತದೆ. ಸಾದಾ ಸೋಪು, ಹರಿಯುವ ನೀರು, ಇಪ್ಪತ್ತು ಸೆಕೆಂಡು ಉಜ್ಜುವಷ್ಟು ತಾಳ್ಮೆ, ಇಷ್ಟಿದ್ದರೆ ಸಾಕು.

ಮನೆಯ ವಿಷಯದಲ್ಲಿ ನಮ್ಮ ಹಿರಿಯರು ಬಿಟ್ಟುಹೋದ ರೂಢಿಗಳೇ ಅರ್ಧ ಕೆಲಸ ಮಾಡುತ್ತವೆ. ಹೊರಗಿನಿಂದ ಬಂದವರು ಕೈಕಾಲು ತೊಳೆದು ಒಳಗೆ ಬರುವುದು, ನೀರನ್ನು ಎತ್ತಿ ಕುಡಿಯುವುದು, ಎಂಜಲು ಲೋಟವನ್ನು ಬೇರೆ ಇಡುವುದು, ಇವನ್ನು ಮಡಿವಂತಿಕೆಯೆಂದು ಹೀಗಳೆದವರೂ ಈಗ ಬೇರೆ ಕಾರಣಕ್ಕೆ ಪಾಲಿಸಬಹುದು. ರೋಗಿಗೆ ಪ್ರತ್ಯೇಕ ಕೋಣೆ ಕೊಡಿ ಎಂಬ ಸಲಹೆ ಒಂದೇ ಕೋಣೆಯ ವಠಾರದಲ್ಲಿ ಐವರು ಮಲಗುವ ಸಂಸಾರಕ್ಕೆ ಬರಿಯ ಮಾತು. ಅಂಥಲ್ಲಿ ರೋಗಿಯನ್ನು ಕಿಟಕಿಯ ಪಕ್ಕ ಮಲಗಿಸಿ, ಉಳಿದವರು ತಲೆಯ ದಿಕ್ಕು ಬದಲಿಸಿ ಆದಷ್ಟು ದೂರ ಮಲಗಬಹುದು. ಹತ್ತಿರ ಹೋಗುವಾಗ ರೋಗಿಯೂ ಆರೈಕೆ ಮಾಡುವವರೂ ಮಾಸ್ಕ್ ಹಾಕಿಕೊಳ್ಳಬಹುದು. ಆರೈಕೆಯ ಹೊಣೆಯನ್ನು ಮನೆಯಲ್ಲಿ ಗಟ್ಟಿಮುಟ್ಟಾಗಿರುವ ಒಬ್ಬರೇ ಹೊರಬಹುದು. ಅಜ್ಜ ಅಜ್ಜಿಯರನ್ನೂ ಬಸುರಿಯನ್ನೂ ಆ ಕೆಲಸಕ್ಕೆ ಹಚ್ಚಬಾರದು. ನಮ್ಮಲ್ಲಿ ಮೊಮ್ಮಗುವಿಗೆ ಜ್ವರ ಬಂದರೆ ಮೊದಲು ಮಡಿಲಲ್ಲಿ ಎತ್ತಿಕೊಳ್ಳುವವರು ಸಕ್ಕರೆ ಕಾಯಿಲೆಯಿರುವ ಅಜ್ಜಿಯೇ ಆಗಿರುತ್ತಾರೆ ಎಂಬುದನ್ನು ನೆನಪಿಟ್ಟು ಹೇಳುತ್ತಿದ್ದೇನೆ.

ಶುಂಠಿ, ಮೆಣಸು, ಜೀರಿಗೆಯ ಕಷಾಯ ಗಂಟಲಿಗೆ ಹಿತ. ಗಂಜಿ, ತಿಳಿಸಾರು ದೇಹಕ್ಕೆ ಬೇಕಾದ ನೀರಿನಂಶ ಕೊಡುತ್ತವೆ. ಇವು ಸಮಾಧಾನ ಕೊಡುತ್ತವೆಯೇ ವಿನಾ ವೈರಾಣುವನ್ನು ಕೊಲ್ಲುವುದಿಲ್ಲ. ಹಬೆ ತೆಗೆದುಕೊಳ್ಳುವುದೂ ಅಷ್ಟೆ, ಅದರಲ್ಲೂ ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕಂಬಳಿ ಹೊದಿಸಿ ಕೂರಿಸುವುದು ಮೈ ಸುಡುವ ಅಪಾಯಕ್ಕೆ ದಾರಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಫ್ಲೂ ವೈರಾಣುವಿಗೆ ಏನೂ ಮಾಡದು. 2023ರ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘವೇ ಇಂಥ ಜ್ವರಕ್ಕೆ ಆ್ಯಂಟಿಬಯೋಟಿಕ್ ಬೇಡವೆಂದು ಪ್ರಕಟಣೆ ಹೊರಡಿಸಿತ್ತು. ಫ್ಲೂಗೆಂದೇ ಇರುವ ಒಸೆಲ್ಟಾಮಿವಿರ್ ಔಷಧಿಯನ್ನು ವೈದ್ಯರ ಸಲಹೆಯ ಮೇರೆಗೆ 48 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲ ಕೊಡುತ್ತದೆ. ಉಸಿರು ಕಟ್ಟುವುದು, ಎದೆನೋವು, ಗೊಂದಲದ ಮಾತು, ತುಟಿ ನೀಲಿಗಟ್ಟುವುದು, ಮಗು ಹಾಲು ಕುಡಿಯದಿರುವುದು, ಬಿಟ್ಟ ಜ್ವರ ಜೋರಾಗಿ ಮರಳುವುದು ಕಂಡರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಬೇಕು.

ಲಸಿಕೆಯ ಬಗ್ಗೆ ಒಂದು ಮಾತು. ವೈರಾಣುವಿನ ರೂಪ ಬದಲಾಗುತ್ತಲೇ ಇರುವುದರಿಂದ ಅದನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು, ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಆದುದರಿಂದ ಮಳೆಗಾಲಕ್ಕೆ ಮುಂಚೆಯೇ ಯೋಚಿಸಬೇಕು. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಸೇರಿಲ್ಲದ ಕಾರಣ ಹಿರಿಯರು, ಗರ್ಭಿಣಿಯರು, ಆಸ್ತಮಾ, ಹೃದ್ರೋಗ, ಮಧುಮೇಹ ಇರುವವರು ಕೈಯಿಂದಲೇ ಹಣ ಹಾಕಬೇಕಾಗಿದೆ. ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಿಸುವ ಕಂಪನಿಗಳು ತಮ್ಮ ಕೆಲಸಗಾರರಿಗೆ ಇದನ್ನು ಕೊಡಿಸಬಾರದೇಕೆ?

ಶಾಲೆಗಳು ನೂರಕ್ಕೆ ನೂರು ಹಾಜರಾತಿಗೆ ಪ್ರಶಸ್ತಿಪತ್ರ ಕೊಡುವುದನ್ನು ನಿಲ್ಲಿಸಿದರೆ ಅದೂ ಒಂದು ಉಪಕಾರ.

ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ನನ್ನ ಬಿನ್ನಹವಿಷ್ಟೆ: ಜ್ವರಕ್ಕಾಗಿ ಹಾಕಿದ ಮೂರು ದಿನಗಳವರೆಗಿನ ರಜೆಗೆ ಹಾಜರಿ ಬೋನಸ್ ಕಡಿಯಬಾರದೆಂದು ಮಳೆಗಾಲಕ್ಕೆ ಮೊದಲೇ ಸುತ್ತೋಲೆ ಹೊರಡಿಸಲಿ, ಅನಾರೋಗ್ಯ ಭತ್ಯೆ ಮೊದಲ ದಿನದಿಂದಲೇ ಸಿಗುವಂತೆ ಕೇಂದ್ರಕ್ಕೆ ಪತ್ರ ಬರೆಯಲಿ. ಇದೇ ಕೋರಿಕೆಯನ್ನು ನಮ್ಮ ಮಾಲೀಕರ ಮುಂದೆಯೂ ಬರಹದಲ್ಲಿ ಇಟ್ಟಿದ್ದೇನೆ. ಬೋನಸ್ಸಿನ ವಿಷಯವನ್ನು ಮುಂದಿನ ತಿಂಗಳ ಸಭೆಯಲ್ಲಿ ಚರ್ಚಿಸೋಣ ಎಂದಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಪೀಣ್ಯ, ಬೆಂಗಳೂರು