ಡಿಎನ್‌ಎ ಓದುವ ಪ್ರೋಟೀನಿನ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಹಾರ್ಮೋನುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳು ಬಹುಮಟ್ಟಿಗೆ ‘ಬೀಗಕ್ಕೆ ಕೀಲಿ ಹೊಂದುವಂತೆ ಹಾರ್ಮೋನು ತನ್ನ ಗ್ರಾಹಕವನ್ನು ಸೇರುತ್ತದೆ, ಆಗ ವಂಶವಾಹಿ ಚುರುಕಾಗುತ್ತದೆ’ ಎಂಬಲ್ಲಿಗೆ ಮುಗಿದುಬಿಡುತ್ತವೆ. ಇದು ತಪ್ಪೇನಲ್ಲ. ಆದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ‘ಅಕ್ಷರ’ಗಳಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರಜೋಡಿಗಳಿರುವ ನಮ್ಮ ಡಿಎನ್‌ಎಯಲ್ಲಿ ಚುರುಕಾಗಬೇಕಾದ ವಂಶವಾಹಿ ಯಾವುದೆಂದು ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆಯನ್ನು ಇದು ಮುಟ್ಟುವುದೇ ಇಲ್ಲ. ಸ್ಟೀರಾಯ್ಡ್, ಥೈರಾಯ್ಡ್, ವಿಟಮಿನ್ ಡಿ ಮುಂತಾದವುಗಳ ಮಟ್ಟಿಗೆ ಆ ಜಾಗವನ್ನು ಗುರುತಿಸುವುದು ಹಾರ್ಮೋನಲ್ಲ, ಕೋಶಕೇಂದ್ರ ಗ್ರಾಹಕವೆಂಬ ಪ್ರೋಟೀನು.

ಮನುಷ್ಯರಲ್ಲಿ ಇಂತಹ 48 ಗ್ರಾಹಕಗಳಿವೆ. ಬಹುತೇಕ ಎಲ್ಲದರಲ್ಲೂ ಸುಮಾರು 70 ಅಮೈನೋ ಆಮ್ಲಗಳ (ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳ) ಒಂದು ಪುಟ್ಟ ಭಾಗ ಡಿಎನ್‌ಎ ಹಿಡಿಯುವುದಕ್ಕೆಂದೇ ಇದೆ. ಅಲ್ಲಿ ಎರಡು ಸತುವಿನ ಪರಮಾಣುಗಳನ್ನು ತಲಾ ನಾಲ್ಕು ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ಹಿಡಿದಿಟ್ಟುಕೊಂಡು ಪ್ರೋಟೀನಿನ ಮಡಿಕೆಯನ್ನು ಬಿಗಿಯಾಗಿಡುತ್ತವೆ. ಮೊದಲ ಮಡಿಕೆಯ ಸುರುಳಿಯು ಡಿಎನ್‌ಎಯ ಅಗಲವಾದ ತೋಡಿನೊಳಗೆ ಕೂತು ಅಲ್ಲಿನ ಅಕ್ಷರಗಳನ್ನು ಮುಟ್ಟಿ ನೋಡುತ್ತದೆ. ಈಸ್ಟ್ರೋಜೆನ್ ಗ್ರಾಹಕ ಹುಡುಕುವುದು ಎಜಿಜಿಟಿಸಿಎ ಎಂಬ ಆರಕ್ಷರ. ಕಾರ್ಟಿಸಾಲ್‌ನ ಗ್ರಾಹಕ ಹುಡುಕುವುದು ಎಜಿಎಎಸಿಎ. ವ್ಯತ್ಯಾಸ ನಡುವಿನ ಎರಡೇ ಅಕ್ಷರಗಳದ್ದು. ಈ ಭೇದವನ್ನು ಕಾಣುವ ಶಕ್ತಿ ಈಸ್ಟ್ರೋಜೆನ್ ಗ್ರಾಹಕದ ಮೂರು ಅಮೈನೋ ಆಮ್ಲಗಳಲ್ಲಿದೆ ಎಂದು ಫ್ರಾನ್ಸಿನ ವಿಜ್ಞಾನಿ ಪಿಯರ್ ಶಾಂಬೋನ್ ಅವರ ತಂಡ 1989ರಲ್ಲಿ ತೋರಿಸಿತು.

ಆರಕ್ಷರದ ಗುರುತೊಂದೇ ಸಾಲದು. ಯಾವುದೇ ಆರಕ್ಷರ ಕೇವಲ ಆಕಸ್ಮಿಕವಾಗಿ 4096 ಸ್ಥಾನಗಳಿಗೊಮ್ಮೆ ಸಿಗಬಹುದು. ಆದ್ದರಿಂದಲೇ ಬಹುತೇಕ ಗ್ರಾಹಕಗಳು ಜೋಡಿಯಾಗಿ ಕೂರುತ್ತವೆ. ಈಸ್ಟ್ರೋಜೆನ್, ಕಾರ್ಟಿಸಾಲ್‌ಗಳಂತಹ ಸ್ಟೀರಾಯ್ಡ್ ಹಾರ್ಮೋನುಗಳ ಗ್ರಾಹಕಗಳ ಜೋಡಿ, ನಡುವೆ ಮೂರಕ್ಷರ ಬಿಟ್ಟು ಎದುರುಬದುರಾಗಿ ಬರೆದಿರುವ ಗುರುತುಗಳನ್ನು ಹಿಡಿಯುತ್ತದೆ. ಆರ್‌ಎಕ್ಸ್‌ಆರ್ ಎಂಬ ಗ್ರಾಹಕದೊಡನೆ ಜೊತೆಗೂಡುವವುಗಳ ಲೆಕ್ಕ ಇನ್ನೂ ಸೊಗಸಾದದ್ದು: ಒಂದರ ಹಿಂದೊಂದು ಬರುವ ಎರಡು ಗುರುತುಗಳ ನಡುವೆ ಮೂರಕ್ಷರವಿದ್ದರೆ ವಿಟಮಿನ್ ಡಿ ಗ್ರಾಹಕ, ನಾಲ್ಕಿದ್ದರೆ ಥೈರಾಯ್ಡ್ ಗ್ರಾಹಕ, ಐದಿದ್ದರೆ ವಿಟಮಿನ್ ಎಯಿಂದ ಬರುವ ರೆಟಿನಾಯಿಕ್ ಆಮ್ಲದ ಗ್ರಾಹಕ ಹೆಚ್ಚು ಚೆನ್ನಾಗಿ ಹೊಂದುತ್ತದೆ. ಡಿಎನ್‌ಎ ಪ್ರತಿ ಅಕ್ಷರಕ್ಕೂ ಸುಮಾರು 35 ಡಿಗ್ರಿ ತಿರುಗುವುದರಿಂದ, ಒಂದಕ್ಷರ ಹೆಚ್ಚಾದರೂ ಜೊತೆಗಾರನು ಕೂರುವ ದಿಕ್ಕೇ ಬದಲಾಗಿಬಿಡುತ್ತದೆ. ಜೀವಕೋಶ ಖಾಲಿ ಜಾಗವನ್ನೂ ಓದುತ್ತದೆ ಎಂಬುದು ನನಗಂತೂ ಇಡೀ ವಿಷಯದಲ್ಲಿ ಅತ್ಯಂತ ಬೆರಗಿನ ಸಂಗತಿ.

ಇದು ಪಂಡಿತರಿಗಷ್ಟೇ ಬೇಕಾದ ವಿವರವೆಂದು ಕೆಲವರು ಹೇಳಬಹುದು. ವಿಟಮಿನ್ ಡಿಗೆ ಜಗ್ಗದ, ವಂಶಪಾರಂಪರ್ಯವಾಗಿ ಬರುವ ಒಂದು ಬಗೆಯ ರಿಕೆಟ್ಸ್ (ಮೂಳೆ ಮೆತ್ತಗಾಗಿ ಬಾಗುವ) ರೋಗವನ್ನು ಅವರು ಗಮನಿಸಬೇಕು. ಕೆಲವು ಕುಟುಂಬಗಳ ಮಕ್ಕಳಲ್ಲಿ ವಿಟಮಿನ್ ಡಿಯ ಹಾರ್ಮೋನು ರೂಪ ಸಾಕಷ್ಟಿದ್ದು, ಅದು ಗ್ರಾಹಕವನ್ನು ಸರಿಯಾಗಿಯೇ ಸೇರುತ್ತಿತ್ತು. ಆದರೆ ಸತುವಿನ ಮಡಿಕೆಯಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದ್ದರಿಂದ ಗ್ರಾಹಕವು ಡಿಎನ್‌ಎಯನ್ನು ಹಿಡಿಯಲಾರದಾಗಿತ್ತು ಎಂಬುದು 1988ರಲ್ಲಿ ತಿಳಿಯಿತು. ಕೀಲಿ ಸರಿಯಿದ್ದೂ ಮೂಳೆ ಸೊಟ್ಟಗಾದದ್ದೇಕೆ ಎಂಬುದಕ್ಕೆ ಬೀಗ-ಕೀಲಿಯ ವಿವರಣೆಯಲ್ಲಿ ಉತ್ತರ ಸಿಗುವುದಿಲ್ಲ.

ಇಷ್ಟಾದರೂ ಅಕ್ಷರಗಳೇ ಸರ್ವಸ್ವವಲ್ಲ. ಡಿಎನ್‌ಎಯ ಯಾವ ಭಾಗ ಬಿಚ್ಚಿಕೊಂಡಿದೆ, ಯಾವುದು ಸುತ್ತಿಕೊಂಡು ಮುಚ್ಚಿದೆ ಎಂಬುದು ಕೋಶದಿಂದ ಕೋಶಕ್ಕೆ ಬೇರೆಯಾಗುವುದರಿಂದ, ಒಂದೇ ಸ್ಟೀರಾಯ್ಡ್ ಯಕೃತ್ತಿನಲ್ಲಿ ಒಂದು ಬಗೆಯ, ಬಿಳಿ ರಕ್ತಕಣದಲ್ಲಿ ಇನ್ನೊಂದು ಬಗೆಯ ಪರಿಣಾಮ ಬೀರುತ್ತದೆ. ಸ್ಟೀರಾಯ್ಡ್ ಔಷಧಿಗಳ ಅಡ್ಡಪರಿಣಾಮಗಳನ್ನು ಕುರಿತ ಮುಂದಿನ ಲೇಖನಗಳಲ್ಲಾದರೂ ಈ ಮಾತು ಎರಡು ಸಾಲಿನಷ್ಟು ಬರಲಿ, ಜೊತೆಗೆ ಗ್ರಾಹಕವು ಡಿಎನ್‌ಎಯನ್ನು ಹಿಡಿದಿರುವ ಒಂದು ಚಿತ್ರವನ್ನೂ ಅಚ್ಚು ಹಾಕಿ ಎಂದು ಕೋರುತ್ತೇನೆ.

ಇಂತಿ,
ಜೀವಶಾಸ್ತ್ರದ ಒಬ್ಬ ಅಧ್ಯಾಪಕ