ಚಿಪ್ಪು ಬಿಡಿಸಿ ಕೊಟ್ಟವರಿಗೆ ಥ್ಯಾಂಕ್ಸ್

ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಕೆಳಗೆ 1913ರಿಂದ ಇರುವ, ಆಯ್ಸ್ಟರ್ ಅಂದರೆ ಸಮುದ್ರದ ಸಿಂಪಿ ಬಡಿಸುವ ಆಯ್ಸ್ಟರ್ ಬಾರ್‌ನಲ್ಲಿ, ಚಾಕು ಹಿಡಿದು ಚಿಪ್ಪು ಬಿಡಿಸುತ್ತಿದ್ದವರೇ, ನಿಮ್ಮ ಹೆಸರು ಕೇಳಲಿಲ್ಲ. ಆದರೂ ತುಂಬಾ ಥ್ಯಾಂಕ್ಸ್.

ನಮ್ಮ ಯಜಮಾನರ ಹುಟ್ಟುಹಬ್ಬ. ಹಸಿ ಆಯ್ಸ್ಟರ್ ತಿನ್ನಲೇಬೇಕು ಅಂತ ಅವರ ಹಟ. ನಾನು ಮಂಗಳೂರಿನವಳು, ಮರುವಾಯಿ ಸುಕ್ಕ (ಚಿಪ್ಪುಮೀನಿನ ಒಣ ಪಲ್ಯ) ಎಂದರೆ ಪ್ರಾಣ. ಆದರೆ ಅದು ಮಸಾಲೆಯಲ್ಲಿ ಬೆಂದಿರುತ್ತದೆ, ಅಲ್ವಾ? ಇಲ್ಲಿ ಐಸ್ ಮೇಲೆ ಕೂತಿದ್ದದ್ದು ಇನ್ನೂ ಜೀವಂತ!

ನೀವು ನಗಲಿಲ್ಲ. ಲಿವರ್ ತೊಂದರೆ ಇದೆಯಾ, ಬಸುರಿಯಾ ಅಂತ ಮೊದಲು ವಿಚಾರಿಸಿದಿರಿ. ಅಂಥವರು ಹಸಿಯದ್ದು ಮುಟ್ಟಬಾರದು. ಆಮೇಲೆ ಲಾಂಗ್ ಐಲ್ಯಾಂಡ್‌ನ ಉಪ್ಪುಪ್ಪು ಬ್ಲೂ ಪಾಯಿಂಟ್ ಆಯ್ಸ್ಟರ್ ಬದಿಗಿಟ್ಟು, ಕುಮಾಮೊಟೊ ಎಂಬ ಪುಟ್ಟ ಜಾತಿಯದು ಕೊಟ್ಟಿರಿ. ಮೂಲ ಜಪಾನಿನದು, ಈಗ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳೆಸುತ್ತಾರೆ, ರುಚಿ ಸ್ವಲ್ಪ ಸಿಹಿ. ಸಣ್ಣ ಫೋರ್ಕಿನಿಂದ ಸಡಿಲಿಸಿ, ನಿಂಬೆ ಹಿಂಡಿ, ಒಳಗಿನ ನೀರು ಚೆಲ್ಲದೆ ಬಾಯಿಗೆ ಸುರಿದುಕೊಂಡು ಅಗಿಯಿರಿ ಅಂದಿರಿ. ಆ ಅಗಿಯುವ ಮಾತೇ ಮುಖ್ಯ. ಸುಮ್ನೆ ನುಂಗಿದ್ದರೆ ಬರೀ ಉಪ್ಪುನೀರು ಕುಡಿದಂತಾಗುತ್ತಿತ್ತು.

ನಮ್ಮ ಮರುವಾಯಿಯಂಥದ್ದೇ ಆದ ಹಸಿ ಕ್ಲ್ಯಾಮ್ ಕೂಡ ತಿಂದೆವು. ಅದು ನನಗೆ ಅಷ್ಟು ಹಿಡಿಸಲಿಲ್ಲ, ಗಟ್ಟಿ ಜಾಸ್ತಿ. ಯಜಮಾನರು ನನ್ನ ಪಾಲನ್ನೂ ಮುಗಿಸಿದರು. ಬಿಲ್ ನೋಡಿದ ಮೇಲೆ ಅವರ ಹಟ ಸ್ವಲ್ಪ ಇಳಿಯಿತು ಬಿಡಿ.